ಸಣ್ಣ ಗಾಯ, ದೊಡ್ಡ ಗಾಯ: ಶ್ವಾಸಕೋಶದ ಕ್ಯಾನ್ಸರಿಗೆ ಮುಂಬೈಯಲ್ಲಿ ಕಂಡ ಎರಡು ಬಗೆಯ ಶಸ್ತ್ರಚಿಕಿತ್ಸೆ

ಶ್ವಾಸಕೋಶದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಆಗಬೇಕೆಂದು ತೀರ್ಮಾನವಾದ ಮೇಲೆ ಮುಂಬೈಯ ಖಾಸಗಿ ಆಸ್ಪತ್ರೆಗಳ ವಿಚಾರಣಾ ಮೇಜಿನಲ್ಲಿ ಮೊದಲು ಕೇಳಿಬರುವ ಮಾತು “ಕೀಹೋಲ್ ಮಾಡೋಣ, ನಾಲ್ಕು ದಿನಕ್ಕೆ ಮನೆಗೆ ಹೋಗಬಹುದು” ಎಂಬುದು. ಕೀಹೋಲ್ ಎಂದರೆ ಎದೆಯನ್ನು ಅಗಲವಾಗಿ ತೆರೆಯದೆ, ಸಣ್ಣ ರಂಧ್ರಗಳ ಮೂಲಕ ಮಾಡುವ ಶಸ್ತ್ರಚಿಕಿತ್ಸೆ. ಗಾಬರಿಯಲ್ಲಿರುವ ಮನೆಯವರಿಗೆ ಇದಕ್ಕಿಂತ ಸಮಾಧಾನದ ಮಾತು ಬೇರೊಂದಿಲ್ಲ. ಗಾಯ ಸಣ್ಣದು, ನೋವು ಕಡಿಮೆ, ರಜೆ ಕಡಿಮೆ ಎಂಬ ಮೂರು ಭರವಸೆಗಳೂ ಬಹುಮಟ್ಟಿಗೆ ನಿಜವೇ. ಆದರೆ ಆ ಮೇಜಿನಲ್ಲಿ ಯಾರೂ ಎತ್ತದ ಪ್ರಶ್ನೆಗಳು ಬೇರೆ ಇವೆ. ಎರಡು ಆಸ್ಪತ್ರೆಗಳ ಬಿಲ್ಲು, ಡಿಸ್ಚಾರ್ಜ್ ಸಾರಾಂಶ ಮತ್ತು ಬಯಾಪ್ಸಿ ವರದಿಗಳನ್ನು ಅಕ್ಕಪಕ್ಕ ಇಟ್ಟು ಓದಿದ ಮೇಲೆ ಅವುಗಳನ್ನು ಬರೆದಿಡಬೇಕೆನ್ನಿಸಿತು.

ನಮ್ಮ ಕುಟುಂಬದಲ್ಲಿ ಹೆಚ್ಚು ಅಂತರವಿಲ್ಲದೆ ಎರಡೂ ಬಗೆಯ ಶಸ್ತ್ರಚಿಕಿತ್ಸೆ ನಡೆಯಿತು. ಡೊಂಬಿವಲಿಯಲ್ಲಿರುವ ಅಕ್ಕನಿಗೆ ಪಶ್ಚಿಮ ಉಪನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೀಹೋಲ್. ಘಾಟ್ಕೋಪರಿನಲ್ಲಿ ಬಹುಕಾಲ ಹೋಟೆಲು ನಡೆಸಿದ ಸೋದರಮಾವನಿಗೆ ಮಧ್ಯ ಮುಂಬೈಯ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಎದೆ ತೆರೆದು ಮಾಡುವ ಹಳೆಯ ಕ್ರಮ. ದೂರುಗಳೂ ಇರುವುದರಿಂದ ಎರಡೂ ಆಸ್ಪತ್ರೆಗಳ ಹೆಸರನ್ನು ಬಿಟ್ಟಿದ್ದೇನೆ. ನಾನು ವೈದ್ಯನಲ್ಲ, ಬ್ಯಾಂಕಿನಲ್ಲಿ ಸಾಲದ ಕಾಗದಪತ್ರ ಪರಿಶೀಲಿಸುತ್ತಿದ್ದವನು. ಆದ್ದರಿಂದ ಇದು ಕಾಗದ ಓದುವವನ ವಿಮರ್ಶೆಯೆಂದು ತಿಳಿದರೆ ಸಾಕು.

ಇಬ್ಬರು ರೋಗಿಗಳೂ ಒಂದೇ ತಕ್ಕಡಿಯಲ್ಲಿ ತೂಗುವಂಥವರಲ್ಲ ಎಂಬುದನ್ನು ಮೊದಲೇ ಹೇಳಬೇಕು. ಅಕ್ಕ ಜನ್ಮದಲ್ಲಿ ಬೀಡಿ ಸಿಗರೇಟು ಮುಟ್ಟಿದವಳಲ್ಲ. ಪಿತ್ತಕೋಶದ ಕಲ್ಲಿಗೆಂದು ತೆಗೆಸಿದ ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಮೇಲಿನ ಹಾಲೆಯ, ಅಂದರೆ ಮೇಲಿನ ವಿಭಾಗದ, ಅಂಚಿನಲ್ಲಿ ಒಂದು ಚುಕ್ಕೆ ಕಂಡಿತು. ಪರೀಕ್ಷೆಯಲ್ಲಿ ಅದು ಅಡಿನೋಕಾರ್ಸಿನೋಮ ಎಂದಾಯಿತು. ಧೂಮಪಾನ ಮಾಡದ ಭಾರತೀಯ ಹೆಂಗಸರಲ್ಲಿ ಕಾಣುವ ಶ್ವಾಸಕೋಶದ ಕ್ಯಾನ್ಸರುಗಳಲ್ಲಿ ಈ ಬಗೆಯದೇ ಹೆಚ್ಚು. ಮಾವನದು ಬೇರೆ ಕತೆ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಸಿಗರೇಟು, ಯೌವನದಲ್ಲಿ ಒಮ್ಮೆ ಕ್ಷಯ. ಕಫದಲ್ಲಿ ರಕ್ತ ಕಂಡಾಗ ಬಡಾವಣೆಯ ಒಂದು ಕ್ಲಿನಿಕ್ಕಿನವರು ಹಳೆಯ ಕ್ಷಯವೇ ಮರುಕಳಿಸಿದೆ ಎಂದು, ಕಫದ ಪರೀಕ್ಷೆಯಲ್ಲಿ ಏನೂ ಸಿಗದಿದ್ದರೂ, ತಿಂಗಳುಗಟ್ಟಲೆ ಮಾತ್ರೆ ಕೊಟ್ಟರು. ನಮ್ಮ ದೇಶದಲ್ಲಿ ಶ್ವಾಸಕೋಶದ ಕ್ಯಾನ್ಸರ್ ತಡವಾಗಿ ಪತ್ತೆಯಾಗುವುದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು. ಎಕ್ಸ್‌ರೇಯಲ್ಲಿ ಕ್ಷಯವೂ ಕ್ಯಾನ್ಸರೂ ಬಿಳಿಯ ಮಚ್ಚೆಗಳೇ. ಹೆಚ್ಚಿನವರಿಗೆ ರೋಗ ತಿಳಿಯುವ ಹೊತ್ತಿಗೆ ಶಸ್ತ್ರಚಿಕಿತ್ಸೆಯ ಹಂತ ದಾಟಿರುತ್ತದೆ. ಆ ದೃಷ್ಟಿಯಿಂದ ಕೀಹೋಲೋ ತೆರೆದದ್ದೋ ಎಂದು ಚರ್ಚಿಸುವ ಅವಕಾಶ ಸಿಕ್ಕಿದ್ದೇ ನಮ್ಮ ಅದೃಷ್ಟ.

ಶಸ್ತ್ರಚಿಕಿತ್ಸೆಗೆ ಮುಂಚಿನ ಪರೀಕ್ಷೆಗಳ ವಿಷಯದಲ್ಲಿ ಖಾಸಗಿ ಆಸ್ಪತ್ರೆ ಚುರುಕಾಗಿತ್ತು: ಸಿಟಿ, ಚುರುಕಾಗಿ ಕೆಲಸ ಮಾಡುವ ಜೀವಕೋಶಗಳು ಹೊಳೆದು ಕಾಣುವ ಪೆಟ್ ಸ್ಕ್ಯಾನ್, ಸೂಜಿಯ ಬಯಾಪ್ಸಿ, ಮಿದುಳಿನ ಎಂಆರ್‌ಐ, ಉಸಿರಾಟದ ಸಾಮರ್ಥ್ಯ ಅಳೆಯುವ ಪಿಎಫ್‌ಟಿ ಎಲ್ಲವೂ ಒಂದೇ ಕಟ್ಟಡದಲ್ಲಿ, ಸರತಿಯಿಲ್ಲದೆ ಮುಗಿದವು. ಟ್ರಸ್ಟ್ ಆಸ್ಪತ್ರೆಯಲ್ಲಿ ಪ್ರತಿಯೊಂದಕ್ಕೂ ಚೀಟಿ, ಪ್ರತಿಯೊಂದಕ್ಕೂ ಸಾಲು. ಆದರೆ ಅಲ್ಲಿ ಒಂದು ಹೆಚ್ಚಿನ ಕೆಲಸ ಮಾಡಿದರು. ಮಾವನ ಪೆಟ್ ಸ್ಕ್ಯಾನಿನಲ್ಲಿ ಎದೆಯ ನಡುವಿನ ದುಗ್ಧಗ್ರಂಥಿಗಳು (ಲಿಂಫ್ ನೋಡ್) ಹೊಳೆಯುತ್ತಿದ್ದವು. ಕ್ಯಾನ್ಸರ್ ಅಲ್ಲಿಗೆ ಹರಡಿದ್ದರೆ ನೇರವಾಗಿ ಶಸ್ತ್ರಚಿಕಿತ್ಸೆಗೆ ಹೋಗುವಂತಿರಲಿಲ್ಲ. ಆದರೆ ಹಳೆಯ ಕ್ಷಯದಿಂದಲೂ ಗ್ರಂಥಿಗಳು ಹಾಗೆಯೇ ಹೊಳೆಯುತ್ತವೆ. ಭಾರತದಲ್ಲಿ ಪೆಟ್ ಸ್ಕ್ಯಾನ್ ಒಂದನ್ನೇ ನಂಬಿ ತೀರ್ಪು ಕೊಡಬಾರದೆನ್ನುವುದು ಇದಕ್ಕಾಗಿ. ಆದ್ದರಿಂದ ಎಬಸ್ ಎಂಬ ಪರೀಕ್ಷೆ ಮಾಡಿದರು: ಬಾಯಿಯ ಮೂಲಕ ಶ್ವಾಸನಾಳಕ್ಕೆ ಇಳಿಸುವ ಕೊಳವೆಯ ತುದಿಯಲ್ಲಿ ಅಲ್ಟ್ರಾಸೌಂಡ್ ಇರುತ್ತದೆ, ಅದರಲ್ಲಿ ಗ್ರಂಥಿಯನ್ನು ನೋಡುತ್ತಲೇ ಸೂಜಿ ಹಾಕಿ ಮಾದರಿ ತೆಗೆಯುತ್ತಾರೆ. ಗ್ರಂಥಿಗಳಲ್ಲಿ ಕ್ಯಾನ್ಸರ್ ಇಲ್ಲವೆಂದು ಬಂದ ಮೇಲೆಯೇ ಶಸ್ತ್ರಚಿಕಿತ್ಸೆಯ ದಿನ ಗೊತ್ತುಮಾಡಿದರು.

ಇನ್ನು ಮೂಲ ವಿಷಯ. ಕೀಹೋಲ್ ಎಂದರೂ ತೆರೆದದ್ದು ಎಂದರೂ ಒಳಗೆ ನಡೆಯಬೇಕಾದ ಕೆಲಸ ಒಂದೇ. ಬಲ ಶ್ವಾಸಕೋಶಕ್ಕೆ ಮೂರು ಹಾಲೆಗಳು, ಎಡಕ್ಕೆ ಎರಡು. ಗಂಟು ಇರುವ ಹಾಲೆಗೆ ಹೋಗುವ ರಕ್ತನಾಳಗಳನ್ನೂ ಶ್ವಾಸನಾಳದ ಕವಲನ್ನೂ ಒಂದೊಂದಾಗಿ ಬಿಡಿಸಿ, ಮುಚ್ಚಿ, ಕತ್ತರಿಸಿ, ಇಡೀ ಹಾಲೆಯನ್ನು ಹೊರತೆಗೆಯುವುದು. ಜೊತೆಗೆ ಎದೆಯ ನಡುವಿನ ದುಗ್ಧಗ್ರಂಥಿಗಳನ್ನು ನಿಗದಿತ ಜಾಗಗಳಿಂದ ತೆಗೆದು ಪರೀಕ್ಷೆಗೆ ಕಳಿಸುವುದು. ಲೋಬೆಕ್ಟಮಿ ಎಂದರೆ ಇಷ್ಟು. ಎರಡೂ ಕ್ರಮಗಳಲ್ಲಿ ಶ್ವಾಸನಾಳಕ್ಕೆ ಎರಡು ದಾರಿಯ ಕೊಳವೆ ಹಾಕಿ, ಒಂದು ಶ್ವಾಸಕೋಶದಿಂದ ಮಾತ್ರ ಉಸಿರಾಡಿಸಿ, ಕೆಲಸ ನಡೆಯುವ ಬದಿಯದನ್ನು ಕುಗ್ಗಿಸಿರುತ್ತಾರೆ. ಆದ್ದರಿಂದ ಕೀಹೋಲ್ ಎಂದ ಮಾತ್ರಕ್ಕೆ ಅದು ‘ಸಣ್ಣ ಆಪರೇಷನ್’ ಆಗುವುದಿಲ್ಲ. ಗಾಯ ಸಣ್ಣದು, ಆಪರೇಷನ್ ದೊಡ್ಡದೇ.

ವ್ಯತ್ಯಾಸವಿರುವುದು ಒಳಗೆ ಹೋಗುವ ದಾರಿಯಲ್ಲಿ. ತೆರೆದ ಕ್ರಮದಲ್ಲಿ ಬೆನ್ನಿನ ಭುಜದೆಲುಬಿನ ಕೆಳಗಿನಿಂದ ಪಕ್ಕೆಯ ಉದ್ದಕ್ಕೂ ಬಾಗಿ ಬರುವ ಗೀರು ಹಾಕಿ, ಸ್ನಾಯುವನ್ನು ಕತ್ತರಿಸಿಯೋ ಸರಿಸಿಯೋ, ಎರಡು ಪಕ್ಕೆಲುಬುಗಳ ನಡುವೆ ಉಕ್ಕಿನ ಹಿಗ್ಗಿಸುವ ಸಾಧನವನ್ನಿಟ್ಟು ತಿರುಗಿಸುತ್ತಾರೆ. ಪ್ರತಿ ಪಕ್ಕೆಲುಬಿನ ಕೆಳ ಅಂಚಿನಲ್ಲಿ ಒಂದು ನರ ಓಡುತ್ತದೆ. ಅದು ಈ ಒತ್ತಡಕ್ಕೆ ಸಿಕ್ಕಿ ನಲುಗುತ್ತದೆ. ಮುಂದೆ ತಿಂಗಳುಗಟ್ಟಲೆ ಕಾಡುವ ನೋವಿಗೆ ಚರ್ಮದ ಮೇಲಿನ ಉದ್ದ ಗೀರಿಗಿಂತ ಈ ನರವೇ ಹೆಚ್ಚು ಕಾರಣ. ವ್ಯಾಟ್ಸ್ ಎಂದು ಕರೆಯುವ ಕೀಹೋಲ್ ಕ್ರಮದಲ್ಲಿ ಒಂದರಿಂದ ನಾಲ್ಕರವರೆಗೆ ಸಣ್ಣ ರಂಧ್ರಗಳು. ಅವುಗಳಲ್ಲೊಂದು ಹಾಲೆಯನ್ನು ಚೀಲದಲ್ಲಿ ಸುತ್ತಿ ಹೊರಗೆಳೆಯುವಷ್ಟು, ಅಂದರೆ ಸುಮಾರು 3ರಿಂದ 5 ಸೆಂಟಿಮೀಟರ್ ಇರುತ್ತದೆ. ಪಕ್ಕೆಲುಬನ್ನು ಹಿಗ್ಗಿಸುವುದಿಲ್ಲ. ಶಸ್ತ್ರಚಿಕಿತ್ಸಕರು ಪರದೆ ನೋಡುತ್ತ ಕೆಲಸ ಮಾಡುತ್ತಾರೆ. 1990ರ ದಶಕದ ಮೊದಲ ವರ್ಷಗಳಲ್ಲಿ ಶುರುವಾದ ಈ ವಿಧಾನ ಈಗ ಆರಂಭದ ಹಂತದ ಕ್ಯಾನ್ಸರಿಗೆ ಒಪ್ಪಿತ ಕ್ರಮ.

‘ಕೀಹೋಲ್’ ಎಂಬ ಜಾಹೀರಾತಿನ ಹಿಂದೆ ಗಟ್ಟಿಯಾದ ಆಧಾರ ಇದೆಯೇ ಎಂದು ಕೇಳಿದರೆ, ಇದೆ. ಡೆನ್ಮಾರ್ಕಿನಲ್ಲಿ 206 ರೋಗಿಗಳನ್ನು ಎರಡು ಗುಂಪು ಮಾಡಿ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೀಹೋಲ್ ಗುಂಪಿನವರಿಗೆ ನೋವು ಕಡಿಮೆಯಿತ್ತು, ಮುಂದಿನ ಒಂದು ವರ್ಷದ ಬದುಕಿನ ಗುಣಮಟ್ಟವೂ ಉತ್ತಮವಾಗಿತ್ತು. ಇದಕ್ಕಿಂತ ದೊಡ್ಡದು ಬ್ರಿಟನ್ನಿನ ವಯೊಲೆಟ್ ಅಧ್ಯಯನ. 503 ರೋಗಿಗಳಿದ್ದ ಇದು 2022ರಲ್ಲಿ ಪ್ರಕಟವಾಯಿತು. ಆಸ್ಪತ್ರೆಯಲ್ಲಿದ್ದಾಗ ತೊಡಕುಗಳು ಕಾಣಿಸಿಕೊಂಡದ್ದು ಕೀಹೋಲ್ ಗುಂಪಿನಲ್ಲಿ ಶೇಕಡಾ 32.8, ತೆರೆದ ಗುಂಪಿನಲ್ಲಿ ಶೇಕಡಾ 44.3. ಆಸ್ಪತ್ರೆವಾಸದ ಮಧ್ಯಾಂಕ, ಅಂದರೆ ಸಾಲಿನ ನಡುವೆ ನಿಲ್ಲುವ ರೋಗಿಯ ಲೆಕ್ಕ, ಕ್ರಮವಾಗಿ 4 ದಿನ ಮತ್ತು 5 ದಿನ. ಐದು ವಾರದ ಹೊತ್ತಿಗೆ ಓಡಾಟ, ಕೆಲಸ ಮಾಡುವ ಶಕ್ತಿಯಲ್ಲಿ ಕೀಹೋಲ್‌ನವರೇ ಮುಂದಿದ್ದರು. ಹೆಚ್ಚು ಮುಖ್ಯವಾದದ್ದು ಮುಂದಿನದು: ಗಂಟನ್ನು ಪೂರ್ತಿ ತೆಗೆಯುವುದರಲ್ಲಿ, ದುಗ್ಧಗ್ರಂಥಿಗಳಲ್ಲಿ ಅಡಗಿದ ರೋಗವನ್ನು ಪತ್ತೆಹಚ್ಚುವುದರಲ್ಲಿ ಎರಡೂ ಗುಂಪು ಸಮ, ಒಂದು ವರ್ಷದ ಅವಧಿಯಲ್ಲಿ ಕಾಯಿಲೆ ಮರುಕಳಿಸುವುದರಲ್ಲೂ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ರೋಗಿ ತಕ್ಕವನಾಗಿದ್ದು ಕೈ ಪಳಗಿದ್ದರೆ ಕೀಹೋಲ್ ಆಯ್ದುಕೊಳ್ಳದಿರಲು ಕಾರಣವೇ ಇಲ್ಲ ಎಂದು ಇದರಿಂದ ನಾನು ತಿಳಿದುಕೊಂಡೆ.

ಆದರೆ ನಾಲ್ಕು ದಿನ, ಐದು ದಿನ ಎಂಬ ಅಂಕಿಯನ್ನು ನೋಡಿ. ವಿಚಾರಣಾ ಮೇಜಿನ ಮಾತು ಕೇಳಿದರೆ ತೆರೆದ ಕ್ರಮದವರು ಅರ್ಧ ತಿಂಗಳು ಮಂಚ ಬಿಟ್ಟೇಳುವುದಿಲ್ಲವೆಂಬ ಭಾವನೆ ಬರುತ್ತದೆ. ನಡುವಿನ ರೋಗಿಯ ಲೆಕ್ಕದಲ್ಲಿ ಅಂತರ ಒಂದು ದಿನದ್ದು.

ಯಾರಿಗೆ ಕೀಹೋಲ್ ತಕ್ಕದ್ದಲ್ಲ ಎಂಬುದನ್ನು ಮಾವನ ಶಸ್ತ್ರಚಿಕಿತ್ಸಕರು ವಿವರಿಸಿದ ರೀತಿಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಸಿಟಿ ಚಿತ್ರವನ್ನು ಪರದೆಯ ಮೇಲೆ ಮೇಲೆ ಕೆಳಗೆ ಸರಿಸುತ್ತ, ಹಳೆಯ ಕ್ಷಯದಿಂದ ಶ್ವಾಸಕೋಶ ಎದೆಗೂಡಿನ ಒಳಗೋಡೆಗೆ ಅಂಟಿಕೊಂಡಿರುವ ಜಾಗವನ್ನು ತೋರಿಸಿದರು. ಎದುರು ಕುಳಿತವರು ಹೋಟೆಲಿನವರೆಂದು ಗೊತ್ತಿದ್ದುದರಿಂದಲೋ ಏನೋ, “ಕಾವಲಿಗೆ ಹಿಡಿದ ದೋಸೆಯ ಹಾಗೆ, ಎಳೆದರೆ ಹರಿಯುತ್ತದೆ, ಅಂಚಿನಿಂದ ನಿಧಾನಕ್ಕೆ ಎಬ್ಬಿಸಬೇಕು” ಎಂದರು. ಮಾವನಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ಇದಲ್ಲದೆ ಕ್ಷಯದ ಗ್ರಂಥಿಗಳು ಸುಣ್ಣಗಟ್ಟಿ ಶ್ವಾಸಕೋಶದ ಅಪಧಮನಿಗೆ ಕಚ್ಚಿಕೊಂಡಿರುತ್ತವೆ. ಬಿಡಿಸುವಾಗ ಅಪಧಮನಿ ಸೀಳಿದರೆ ಕ್ಷಣಗಳಲ್ಲಿ ಪರದೆ ಕೆಂಪಾಗಿ ಏನೂ ಕಾಣದಾಗುತ್ತದೆ, ಆಗ ಕೈ ನೇರವಾಗಿ ಒಳಗಿರುವುದೇ ಕ್ಷೇಮ. ಜೊತೆಗೆ ಮಾವನ ಗಂಟು ಎಡ ಮೇಲಿನ ಹಾಲೆಯ ಶ್ವಾಸನಾಳದ ಬಾಯಲ್ಲೇ ಕುಳಿತಿತ್ತು. ಬರೀ ಹಾಲೆ ತೆಗೆದರೆ ಅಂಚಿನಲ್ಲಿ ರೋಗ ಉಳಿಯುತ್ತದೆ; ಇಡೀ ಎಡ ಶ್ವಾಸಕೋಶ ತೆಗೆಯಲು ಮಾವನ ಉಸಿರಾಟದ ಸಾಮರ್ಥ್ಯ ಸಾಲದು. ಆದ್ದರಿಂದ ಸ್ಲೀವ್ ಎಂಬ ಕ್ರಮ: ಹಾಲೆಯ ಜೊತೆ ಮುಖ್ಯ ಶ್ವಾಸನಾಳದ ಒಂದು ಬಳೆಯಷ್ಟನ್ನು ಕತ್ತರಿಸಿ ತೆಗೆದು, ಕೆಳಗಿನ ಹಾಲೆಯ ನಾಳವನ್ನು ಮೇಲಕ್ಕೆ ತಂದು ಹೊಲಿಯುವುದು. ಇದನ್ನು ಕೀಹೋಲ್‌ನಲ್ಲೂ ಮಾಡುವವರು ಇದ್ದಾರೆ, ಆದರೆ ಅಂಥ ಕೈಗಳು ಕೆಲವೇ.

ಶ್ವಾಸಕೋಶದ ಕ್ಯಾನ್ಸರಿಗಾಗಿ ಒಂದು ಬದಿಯ ಇಡೀ ಶ್ವಾಸಕೋಶವನ್ನು ಒಂದೇ ಶಸ್ತ್ರಚಿಕಿತ್ಸೆಯಲ್ಲಿ ಮೊದಲ ಸಲ ಯಶಸ್ವಿಯಾಗಿ ತೆಗೆದದ್ದು 1933ರಲ್ಲಿ, ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ, ಇವಾರ್ಟ್ಸ್ ಗ್ರಹಾಂ ಎಂಬ ಶಸ್ತ್ರಚಿಕಿತ್ಸಕರು. ರೋಗಿಯೂ ವೈದ್ಯನೇ, ಆತ ದಶಕಗಳ ಕಾಲ ಬದುಕಿದ. ಸಿಗರೇಟು ಸೇದುತ್ತಿದ್ದ ಗ್ರಹಾಂ 1957ರಲ್ಲಿ ತೀರಿಕೊಂಡದ್ದು ಶ್ವಾಸಕೋಶದ ಕ್ಯಾನ್ಸರಿನಿಂದಲೇ. ಅಂದಿನಿಂದ ಈ ವಿದ್ಯೆ ನಡೆದು ಬಂದ ದಿಕ್ಕು, ಆದಷ್ಟು ಕಡಿಮೆ ತೆಗೆದು ಆದಷ್ಟು ಹೆಚ್ಚು ಉಳಿಸುವುದು. ಜಪಾನಿನಲ್ಲಿ 1,106 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನ ಮತ್ತು 2023ರಲ್ಲಿ ಬಂದ 697 ರೋಗಿಗಳ ಇನ್ನೊಂದು ಅಧ್ಯಯನ, 2 ಸೆಂಟಿಮೀಟರ್ ಮೀರದ, ಅಂಚಿನಲ್ಲಿರುವ ಗಂಟುಗಳಿಗೆ ಇಡೀ ಹಾಲೆಯ ಬದಲು ಅದರ ಒಂದು ಭಾಗ ತೆಗೆದರೂ ಬದುಕುಳಿಯುವಿಕೆ ಕಡಿಮೆಯಾಗುವುದಿಲ್ಲ ಎಂದು ತೋರಿಸಿವೆ. ಎಂದರೆ, ಗಂಟು ಸಣ್ಣದಿದ್ದವರು ‘ಎಷ್ಟು ದೊಡ್ಡ ಗಾಯ’ ಎಂದು ಕೇಳುವ ಮುಂಚೆ ‘ಎಷ್ಟು ಶ್ವಾಸಕೋಶ ತೆಗೆಯುತ್ತೀರಿ’ ಎಂದು ಕೇಳಬೇಕು. ಅಕ್ಕನ ಗಂಟು ಈ ಮಿತಿಗಿಂತ ಸ್ವಲ್ಪ ದೊಡ್ಡದಿತ್ತು, ಹಾಗಾಗಿ ಹಾಲೆ ಹೋಯಿತು.

ವಾರ್ಡಿನ ಅನುಭವ. ಅಕ್ಕನಿಗೆ ಪಕ್ಕೆಯಲ್ಲಿ ಒಂದೇ ಡ್ರೇನ್ ಕೊಳವೆ, ಅದರ ಕೆಳಗೆ ನೀರು ತುಂಬಿದ ಬಾಟಲಿ. ಕೆಮ್ಮಿದಾಗ ನೀರಿನಲ್ಲಿ ಗುಳ್ಳೆ ಏಳುತ್ತಿದ್ದರೆ ಶ್ವಾಸಕೋಶದ ಕತ್ತರಿಸಿದ ಮೈಯಿಂದ ಗಾಳಿ ಇನ್ನೂ ಸೋರುತ್ತಿದೆ ಎಂದರ್ಥ. ಗುಳ್ಳೆ ನಿಲ್ಲುವವರೆಗೆ ಕೊಳವೆ ತೆಗೆಯುವುದಿಲ್ಲ, ಸಾಮಾನ್ಯವಾಗಿ ಮನೆಗೂ ಕಳಿಸುವುದಿಲ್ಲ. ಅಕ್ಕನ ಗುಳ್ಳೆ ಬೇಗ ನಿಂತಿತು. ಮರುದಿನವೇ ಬಾಟಲಿಯನ್ನು ಕೈಯಲ್ಲಿ ಹಿಡಿದು ನಡೆದಾಡಿಸಿದರು. ಮಾವನಿಗೆ ಎರಡು ಕೊಳವೆ. ಗಾಳಿ ಸೋರಿಕೆ ವಾರ ದಾಟಿತು. ಅಂಟಿಕೊಂಡ ಶ್ವಾಸಕೋಶವನ್ನು ಬಿಡಿಸಿದ ಕಡೆ ಹೀಗಾಗುವುದು ನಿರೀಕ್ಷಿತವೇ, ಇದನ್ನು ಗೀರಿನ ಲೆಕ್ಕಕ್ಕೆ ಹಾಕುವುದು ನ್ಯಾಯವಲ್ಲ. ನೋವಿಗೆ ಬೆನ್ನುಹುರಿಯ ಪಕ್ಕದಲ್ಲಿ ಸಣ್ಣ ಕೊಳವೆಯಿಟ್ಟು ಮರಗಟ್ಟಿಸುವ ಔಷಧಿ ಹರಿಸಿದರು. ಅದು ಇರುವಷ್ಟು ದಿನ ಮಾವ ಪತ್ರಿಕೆ ತರಿಸಿಕೊಂಡು ಓದುತ್ತಿದ್ದರು.

ಫಿಸಿಯೋಥೆರಪಿಯಲ್ಲಿ ಟ್ರಸ್ಟ್ ಆಸ್ಪತ್ರೆಯೇ ಮೇಲು, ಅನುಮಾನವೇ ಇಲ್ಲ. ಉಸಿರೆಳೆದು ಮೇಲೇರಿಸುವ ಮೂರು ಚೆಂಡುಗಳ ಸ್ಪೈರೋಮೀಟರನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಕೊಟ್ಟು ಅಭ್ಯಾಸ ಮಾಡಿಸಿದ್ದರು. ಆಪರೇಷನ್ ಆದ ಮೇಲೆ ಮಾವ ಬಹಳ ಕಷ್ಟಪಟ್ಟು ಒಂದು ಚೆಂಡು ಎತ್ತಿ, ಎರಡನೆಯದು ಅರ್ಧಕ್ಕೆ ಏರಿ ಬಿದ್ದಾಗ, ಮಂಗಳೂರು ಕಡೆಯ ನರ್ಸ್ ಒಬ್ಬರು ತುಳುವಿನಲ್ಲಿ ಗದರಿಸಿ ಮತ್ತೆ ಎಳೆಸುತ್ತಿದ್ದರು. ದಿಂಬನ್ನು ಗಾಯಕ್ಕೆ ಒತ್ತಿ ಹಿಡಿದು ಕೆಮ್ಮುವುದನ್ನು ಹೇಳಿಕೊಟ್ಟದ್ದೂ ಅವರೇ. ಕಫ ಒಳಗೆ ಉಳಿದರೆ ನ್ಯುಮೋನಿಯ ಆಗುತ್ತದೆ, ನೋವಿನಿಂದ ಕೆಮ್ಮದಿರುವವರಿಗೆ ಆ ಅಪಾಯ ಹೆಚ್ಚು. ಖಾಸಗಿ ಆಸ್ಪತ್ರೆಯಲ್ಲಿ ಫಿಸಿಯೋ ಬಂದು ಹೋದದ್ದು ಬಿಲ್ಲಿನಲ್ಲಿ ಕಂಡಷ್ಟು ವಾರ್ಡಿನಲ್ಲಿ ಕಾಣಲಿಲ್ಲ. ಊಟದ ವಿಷಯಕ್ಕೆ ಎರಡೂ ಕಡೆ ಅಂಕ ಸೊನ್ನೆ. ಮಾಟುಂಗದಿಂದ ಇಡ್ಲಿ ತರಿಸಿಕೊಂಡೆವು.

ಮನೆಗೆ ಬಂದ ಮೇಲೆ ಗಾಯದ ಗಾತ್ರದ ಬೆಲೆ ನಿಜವಾಗಿ ತಿಳಿಯಿತು. ಅಕ್ಕ ಕೆಲವೇ ವಾರಗಳಲ್ಲಿ ಅಡುಗೆಮನೆಗೆ ಇಳಿದಳು, ಲೋಕಲ್ ರೈಲಿನ ನೂಕುನುಗ್ಗಲಿಗೆ ಮಾತ್ರ ಹೆದರುತ್ತಿದ್ದಳು. ಮಾವನಿಗೆ ಎಡಗೈಯನ್ನು ಭುಜದ ಮೇಲಕ್ಕೆ ಎತ್ತಿ ಅಂಗಿಯನ್ನು ಗೂಟಕ್ಕೆ ಹಾಕಲು ಬಹಳ ಕಾಲ ಆಗಲಿಲ್ಲ. ಎದೆಯ ಮುಂಭಾಗದಲ್ಲಿ ಒಂದು ಅಂಗೈಯಗಲ ಜೋಮು, ಅದರ ಅಂಚಿನಲ್ಲಿ ಬನಿಯನ್ ತಾಗಿದರೂ ಉರಿ. ನರದ ನೋವಿಗೆ ಕೊಡುವ ಮಾತ್ರೆ ತಿಂಗಳುಗಟ್ಟಲೆ ನಡೆಯಿತು. ಕೀಹೋಲ್‌ನಲ್ಲೂ ರಂಧ್ರದ ಉಪಕರಣ ಆ ನರವನ್ನೇ ಒತ್ತಿ ಕೆಲವರಿಗೆ ಇಂಥ ನೋವು ಉಳಿಯುವುದುಂಟು, ಆದರೆ ಅಕ್ಕನಿಗೆ ಹಾಗಾಗಲಿಲ್ಲ. ವಯಸ್ಸಾದವರು, ಬೇಗ ಕೆಲಸಕ್ಕೆ ಹೋಗಬೇಕಾದವರು, ಶಸ್ತ್ರಚಿಕಿತ್ಸೆಯ ಬೆನ್ನಿಗೇ ಕಿಮೊಥೆರಪಿ ಆಗಬೇಕಾದವರು ಕೀಹೋಲ್‌ಗೆ ತಕ್ಕವರಾಗಿದ್ದರೆ ಅದನ್ನೇ ಕೇಳಿ ಪಡೆಯಬೇಕು ಎಂದು ಹೇಳಲು ನನಗೆ ಈ ಒಂದು ಹೋಲಿಕೆಯೇ ಸಾಕು.

ಹಾಗಿದ್ದರೂ ಖಾಸಗಿ ಆಸ್ಪತ್ರೆಗೆ ನಾನು ಪೂರ್ಣ ಅಂಕ ಕೊಡದಿರುವುದಕ್ಕೆ ಕಾರಣ ಬಯಾಪ್ಸಿ ವರದಿ. ತೆಗೆದ ಹಾಲೆಯನ್ನೂ ಗ್ರಂಥಿಗಳನ್ನೂ ಪರೀಕ್ಷಿಸಿ ಬರೆದ ಈ ಕಾಗದವೇ ಶಸ್ತ್ರಚಿಕಿತ್ಸೆಯ ನಿಜವಾದ ಅಂಕಪಟ್ಟಿ. ಇದರಲ್ಲಿ ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಇಲ್ಲವೆಂದು ಬರೆದಿರಬೇಕು. ಗ್ರಂಥಿಗಳನ್ನು ಯಾವ ಯಾವ ಜಾಗದಿಂದ ತೆಗೆದರೆಂದು ಸಂಖ್ಯೆಯೊಂದಿಗೆ ಇರಬೇಕು. ಎದೆಯೊಳಗಿನ ಗ್ರಂಥಿಗಳ ಜಾಗಗಳಿಗೆ ಜಗತ್ತಿನಾದ್ಯಂತ ಒಂದೇ ಸಂಖ್ಯಾಕ್ರಮವಿದೆ. ಎದೆಯ ನಡುಭಾಗದ ಕನಿಷ್ಠ ಮೂರು ಜಾಗಗಳಿಂದ, ಅದರಲ್ಲೂ ಶ್ವಾಸನಾಳ ಎರಡಾಗಿ ಕವಲೊಡೆಯುವಲ್ಲಿನ 7ನೆಯ ಜಾಗದಿಂದ, ಗ್ರಂಥಿ ತೆಗೆದಿರಬೇಕೆಂಬುದು ಶ್ವಾಸಕೋಶದ ಕ್ಯಾನ್ಸರ್ ಅಧ್ಯಯನದ ಅಂತರರಾಷ್ಟ್ರೀಯ ಸಂಘದ ಸಲಹೆ. ಮಾವನ ವರದಿಯಲ್ಲಿ ಮಹಾಪಧಮನಿಯ ಪಕ್ಕದ 5 ಮತ್ತು 6, ಕವಲಿನ 7, ಕೆಳಗಿನ 9 ಎಲ್ಲವೂ ಬೇರೆ ಬೇರೆ ಡಬ್ಬಿಗಳಲ್ಲಿ ಹೋಗಿ, ಬೇರೆ ಬೇರೆ ಸಾಲುಗಳಲ್ಲಿ ದಾಖಲಾಗಿದ್ದವು. ಅಕ್ಕನ ವರದಿಯಲ್ಲಿ 7 ಇರಲೇ ಇಲ್ಲ.

ಮರುಭೇಟಿಯಲ್ಲಿ ಕೇಳಿದೆವು. ಪೆಟ್ ಸ್ಕ್ಯಾನಿನಲ್ಲಿ ಅಲ್ಲೇನೂ ಇರಲಿಲ್ಲ, ಬಲ ಮೇಲಿನ ಹಾಲೆಯ ಕ್ಯಾನ್ಸರ್ ಸಾಮಾನ್ಯವಾಗಿ ಮೇಲ್ಮುಖವಾಗಿ 4ನೆಯ ಜಾಗಕ್ಕೆ ಹರಡುತ್ತದೆ, ಆದ್ದರಿಂದ ಬಿಟ್ಟೆವು ಎಂಬ ಉತ್ತರ ಬಂತು. ಈ ವಾದ ತೀರಾ ಹುರುಳಿಲ್ಲದ್ದಲ್ಲ. ಆರಂಭದ ಹಂತದ ಸಣ್ಣ ಗಂಟುಗಳಿಗೆ ಹಾಲೆಗೆ ತಕ್ಕಂತೆ ಗ್ರಂಥಿ ತೆಗೆಯುವ ಕ್ರಮವನ್ನು ಒಪ್ಪುವವರಿದ್ದಾರೆ. ನನ್ನ ಆಕ್ಷೇಪ, ಇದನ್ನು ಮುಂಚಿತವಾಗಿ ಹೇಳಲಿಲ್ಲ ಮತ್ತು ಡಿಸ್ಚಾರ್ಜ್ ಸಾರಾಂಶದಲ್ಲಿ ‘ಕ್ರಮಬದ್ಧವಾಗಿ ಗ್ರಂಥಿಗಳನ್ನು ತೆಗೆಯಲಾಗಿದೆ’ ಎಂದು ಬರೆದರು ಎಂಬುದು. ಸಾಲದ ಕಡತದಲ್ಲಿ ಹೀಗೆ ಇಲ್ಲದ ದಾಖಲೆಯನ್ನು ಇದೆಯೆಂದು ಬರೆದರೆ ನಾವು ಕಡತ ವಾಪಸು ಕಳಿಸುತ್ತಿದ್ದೆವು. ಬೇರೊಂದು ಕಡೆ ಎರಡನೆಯ ಅಭಿಪ್ರಾಯ ಕೇಳಿದಾಗ, ಮತ್ತೆ ತೆರೆಯುವ ಅಗತ್ಯವಿಲ್ಲ, ಸಿಟಿಯಲ್ಲಿ ಎಚ್ಚರದಿಂದ ನೋಡುತ್ತಿರೋಣ ಎಂದರು, ಹಾಗೆಯೇ ನಡೆಯುತ್ತಿದೆ. ಇದನ್ನು ಕೀಹೋಲ್ ಕ್ರಮದ ದೋಷವೆಂದು ಯಾರೂ ಓದಬಾರದು. ಪಳಗಿದ ಕೈ ಕ್ಯಾಮೆರಾದಿಂದಲೂ 7ನೆಯ ಜಾಗವನ್ನು ಪೂರ್ತಿ ಬಿಡಿಸುತ್ತದೆ. ವಯೊಲೆಟ್‌ನಲ್ಲಿ ಎರಡೂ ಗುಂಪು ಸಮವಾದದ್ದು ಅದಕ್ಕೇ.

ಖರ್ಚಿನ ಬಗ್ಗೆ ಒಂದು ಸೂಚನೆ. ಕೀಹೋಲ್ ಬಿಲ್ಲನ್ನು ಉಬ್ಬಿಸುವುದು ಸ್ಟೇಪ್ಲರ್, ಅಂದರೆ ಪಿನ್ನು ಹೊಡೆದು ಮುಚ್ಚಿ ಕತ್ತರಿಸುವ ಸಾಧನ. ಪ್ರತಿ ರಕ್ತನಾಳಕ್ಕೆ, ಶ್ವಾಸನಾಳಕ್ಕೆ, ಹಾಲೆಗಳ ನಡುವಿನ ಸೀಳಿಗೆ ಒಂದೊಂದು ಬಾರಿ ಹೊಡೆದಾಗಲೂ ಪಿನ್ನುಗಳ ಹೊಸ ಕಾರ್ಟ್ರಿಜ್ ಬೇಕು. ತೆರೆದ ಕ್ರಮದಲ್ಲಿ ಇವುಗಳಲ್ಲಿ ಹಲವನ್ನು ದಾರದಿಂದಲೇ ಕಟ್ಟಬಹುದು. ಅಕ್ಕನಿಗೆ ಹೇಳಿದ ‘ಪ್ಯಾಕೇಜ್’ ಮೊತ್ತದಲ್ಲಿ ಕಾರ್ಟ್ರಿಜ್‌ಗಳು ಸೇರಿರಲಿಲ್ಲವೆಂಬುದು ಅಂತಿಮ ಬಿಲ್ಲಿನಲ್ಲೇ ಗೊತ್ತಾದದ್ದು. ಅಂದಾಜುಪಟ್ಟಿಯಲ್ಲಿ ಅವುಗಳ ಸಂಖ್ಯೆ ಮತ್ತು ದರವನ್ನು ಬರೆಸಿಕೊಳ್ಳಿ. ನಡುವೆ ಕೀಹೋಲ್‌ನಿಂದ ತೆರೆದ ಕ್ರಮಕ್ಕೆ ಬದಲಾಯಿಸಬೇಕಾಗಿ ಬಂದರೆ ಬಿಲ್ಲು ಹೇಗೆ ಎಂಬುದನ್ನೂ ಕೇಳಿ. ಹಾಗೆ ಬದಲಾಯಿಸುವುದು ಸೋಲಲ್ಲ, ಎಷ್ಟೋ ಸಲ ಅದೇ ವಿವೇಕ. ಒಪ್ಪಿಗೆ ಪತ್ರದಲ್ಲಿ ಆ ಸಾಲು ಇದ್ದೇ ಇರುತ್ತದೆ, ಸಹಿ ಹಾಕುವ ಮುಂಚೆ ಯಾರೂ ಓದುವುದಿಲ್ಲ ಅಷ್ಟೆ.

ರೊಬೊಟಿಕ್ ಎಂಬ ಮೂರನೆಯ ಆಯ್ಕೆಯನ್ನೂ ಅಕ್ಕನ ಮುಂದೆ ಇಟ್ಟಿದ್ದರು. ಡಾವಿಂಚಿ ಎಂಬ ರೊಬೊಟ್ ಯಂತ್ರದ ತೋಳುಗಳು ಮಣಿಕಟ್ಟಿನಂತೆ ತಿರುಗುತ್ತವೆ, ಚಿತ್ರ ಮೂರು ಆಯಾಮದ್ದು, ಇಕ್ಕಟ್ಟಿನಲ್ಲಿ ಗ್ರಂಥಿ ಬಿಡಿಸಲು ಅನುಕೂಲ. ಆದರೆ ಗಾಯವಾಗಲಿ ಚೇತರಿಕೆಯಾಗಲಿ ಸಾಮಾನ್ಯ ಕೀಹೋಲ್‌ಗಿಂತ ಬಹಳ ಬೇರೆಯಲ್ಲ, ಬಿಲ್ಲು ಮಾತ್ರ ಬೇರೆಯೇ. ಹಲವು ಆರೋಗ್ಯ ವಿಮೆಗಳಲ್ಲಿ ರೊಬೊಟಿಕ್‌ಗೆ ಪ್ರತ್ಯೇಕ ಮಿತಿ ಇರುತ್ತದೆ; ಪಾಲಿಸಿಯ ಆ ಪುಟವನ್ನು ಓದದೆ ಒಪ್ಪಬೇಡಿ. ನಾವು ಬೇಡವೆಂದೆವು.

ಊರಿಂದ ಬರುವವರಿಗೆ ಮುಂಬೈ ಎಂದರೆ ಪರೇಲಿನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯೇ. 1941ರಲ್ಲಿ ಶುರುವಾಗಿ 1962ರಿಂದ ಪರಮಾಣು ಶಕ್ತಿ ಇಲಾಖೆಯ ಅಧೀನದಲ್ಲಿರುವ ಈ ಸಂಸ್ಥೆಗೆ ಕರ್ನಾಟಕದ ಹಲವು ಜಿಲ್ಲೆಗಳಿಂದ ಜನ ಬರುತ್ತಾರೆ. “ಟಾಟಾಕ್ಕೆ ಬಂದಿದ್ದಾರೆ” ಎಂದರೆ ಇಲ್ಲಿನ ಕನ್ನಡ ಮನೆಗಳಲ್ಲಿ ಬೇರೆ ವಿವರಣೆ ಕೇಳುವುದಿಲ್ಲ, ಹಾಸಿಗೆ ಬಿಚ್ಚುತ್ತಾರೆ. ಇಲ್ಲಿ ಅಂಥ ಪರಿಚಯದ ಮನೆಗಳಿಲ್ಲದವರಿಗೆ ದಾದರಿನ ಗಾಡಗೆ ಮಹಾರಾಜ ಧರ್ಮಶಾಲೆಯಂಥ ಜಾಗಗಳಿವೆ. ಸಾಮಾನ್ಯ ವರ್ಗದಲ್ಲಿ ನೋಂದಾಯಿಸಿದರೆ ಖರ್ಚು ಖಾಸಗಿಯ ಹತ್ತಿರಕ್ಕೂ ಬರುವುದಿಲ್ಲ. ಕಾಯುವ ತಾಳ್ಮೆ ಬೇಕು. ಇಂಥ ದೊಡ್ಡ ಸಂಸ್ಥೆಗಳ ಅನುಕೂಲವೆಂದರೆ ಎದೆಯ ಶಸ್ತ್ರಚಿಕಿತ್ಸೆಯನ್ನೇ ಮಾಡುವ ಪ್ರತ್ಯೇಕ ತಂಡ ಮತ್ತು ಶಸ್ತ್ರಚಿಕಿತ್ಸಕ, ಕಿಮೊ ವೈದ್ಯ, ವಿಕಿರಣ ವೈದ್ಯ ಒಟ್ಟಿಗೆ ಕುಳಿತು ತೀರ್ಮಾನಿಸುವ ಟ್ಯೂಮರ್ ಬೋರ್ಡ್. ಖಾಸಗಿಯಲ್ಲಿ ಕೀಹೋಲ್ ಮಾತ್ರ ಮಾಡುವವರಿಗಿಂತ, ಅಥವಾ ತೆರೆದದ್ದನ್ನು ಮಾತ್ರ ಬಲ್ಲವರಿಗಿಂತ, ಎರಡನ್ನೂ ನಿಯಮಿತವಾಗಿ ಮಾಡುವ, ‘ನಿಮಗೆ ಇದು, ಈ ಕಾರಣಕ್ಕೆ’ ಎಂದು ಸ್ಕ್ಯಾನ್ ತೋರಿಸಿ ಹೇಳುವ ಶಸ್ತ್ರಚಿಕಿತ್ಸಕರನ್ನು ಹುಡುಕಿ. ಹೃದಯದ ಆಪರೇಷನ್ನಿನ ನಡುವೆ ಆಗೀಗ ಶ್ವಾಸಕೋಶ ಮಾಡುವವರಿಗಿಂತ ಅದನ್ನೇ ವೃತ್ತಿಯಾಗಿಸಿಕೊಂಡವರು ಲೇಸು.

ಕೊನೆಯದಾಗಿ, ಎರಡೂ ಆಸ್ಪತ್ರೆಗಳಲ್ಲಿ ನಮ್ಮನ್ನು ಅಲೆದಾಡಿಸಿದ ವಿಷಯ: ಪ್ಯಾರಾಫಿನ್ ಬ್ಲಾಕ್. ತೆಗೆದ ಗಂಟಿನ ತುಣುಕುಗಳನ್ನು ಮೇಣದಲ್ಲಿ ಕೂರಿಸಿ ಇಟ್ಟಿರುತ್ತಾರೆ, ಜೀನ್ ಪರೀಕ್ಷೆಗೆ ಬೇಕಾಗುವುದು ಅದೇ. ಅಡಿನೋಕಾರ್ಸಿನೋಮದಲ್ಲಿ ಇಜಿಎಫ್‌ಆರ್ ಎಂಬ ಜೀನಿನ ಬದಲಾವಣೆ ಇದ್ದರೆ, ಹಂತ 1ಬಿಯಿಂದ 3ಎವರೆಗಿನವರು ಶಸ್ತ್ರಚಿಕಿತ್ಸೆಯ ನಂತರ ಮೂರು ವರ್ಷ ಆಸಿಮರ್ಟಿನಿಬ್ ಮಾತ್ರೆ ತೆಗೆದುಕೊಂಡಾಗ ಐದು ವರ್ಷದ ಬದುಕುಳಿಯುವಿಕೆ ಶೇಕಡಾ 78ರಿಂದ 88ಕ್ಕೆ ಏರಿದ್ದನ್ನು 2023ರಲ್ಲಿ ಪ್ರಕಟವಾದ ಅಡೌರಾ ಅಧ್ಯಯನ ತೋರಿಸಿತು. ಅಕ್ಕನಿಗೆ ಈ ಪರೀಕ್ಷೆ ಮಾಡಿಸಬೇಕೆಂದು ಹೇಳಿದ್ದು ಎರಡನೆಯ ಅಭಿಪ್ರಾಯ ಕೊಟ್ಟ ವೈದ್ಯರು, ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಯಲ್ಲ. ಬ್ಲಾಕ್ ಕೇಳಲು ಹೋದರೆ ಪ್ರಯೋಗಾಲಯದವರು ದಾಖಲೆ ವಿಭಾಗಕ್ಕೆ, ಅವರು ಬಿಲ್ಲಿಂಗಿಗೆ, ಅವರು ಮತ್ತೆ ಪ್ರಯೋಗಾಲಯಕ್ಕೆ ಕಳಿಸಿದರು. ರೋಗಿಯ ಸಹಿಯಿರುವ ಲಿಖಿತ ಅರ್ಜಿ, ಗುರುತಿನ ಚೀಟಿಯ ಪ್ರತಿ, ಬಯಾಪ್ಸಿ ವರದಿಯ ಸಂಖ್ಯೆ, ಈ ಮೂರನ್ನು ಮೊದಲ ದಿನವೇ ಒಯ್ದು ಸ್ವೀಕೃತಿಯ ಮೊಹರು ಹಾಕಿಸಿಕೊಂಡರೆ ಕೆಲಸ ಬೇಗ ಆಗುತ್ತದೆ. ಬ್ಲಾಕ್‌ಗಳನ್ನು ಬಿಸಿಲಿಗೆ ಬಿಟ್ಟ ಕಾರಿನಲ್ಲಿಡಬೇಡಿ, ಮೇಣ ಕರಗುತ್ತದೆ. ಪರೀಕ್ಷೆ ಮುಗಿದ ಮೇಲೆ ಉಳಿದದ್ದನ್ನು ವಾಪಸು ಪಡೆದು ವರದಿಗಳ ಜೊತೆಗೇ ಇಡಿ.